ಕೆಡಹುವ ಮುನ್ನ ಅರಿಯಬೇಕು: ಎಸ್ಪ್ಲನೇಡ್ ಮ್ಯಾನ್ಶನ್ ಕಲಿಸುವ ಪಾಠ

ಹಳೆಯ ಕಟ್ಟಡವೊಂದರ ಪುನರಭಿವೃದ್ಧಿಯ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ಮಹಾನಗರಗಳಲ್ಲಿ ಎರಡು ಬಗೆಯ ಅಭಿಪ್ರಾಯಗಳು ಕೇಳಿಬರುತ್ತವೆ. ಶಿಥಿಲವಾದುದನ್ನು ಉರುಳಿಸಿ ಹೊಸದನ್ನು ಕಟ್ಟುವುದೇ ಲೇಸೆಂದು ಕೆಲವರು ಹೇಳಿದರೆ, ಪರಂಪರೆಯ ಒಂದು ಇಟ್ಟಿಗೆಯನ್ನೂ ಮುಟ್ಟಬಾರದೆಂದು ಮತ್ತೆ ಕೆಲವರು ವಾದಿಸುತ್ತಾರೆ. ಈ ಎರಡು ನಿಲುವುಗಳಲ್ಲಿ ಯಾವುದನ್ನು ಆರಿಸುವುದಕ್ಕೂ ಮೊದಲು ನಡೆಯಬೇಕಾದ ಒಂದು ಕಾರ್ಯವಿದೆ. ಆ ತಾಣ ಯಾವುದು, ಯಾರದು, ಯಾವ ಸ್ಥಿತಿಯಲ್ಲಿದೆ, ಅದರಲ್ಲಿ ಉಳಿಸಿಕೊಳ್ಳಲು ಯೋಗ್ಯವಾದುದು ಏನು ಎಂಬುದನ್ನು ಕ್ರಮಬದ್ಧವಾಗಿ ಅರಿಯುವ ಕಾರ್ಯವೇ ಅದು. ತಜ್ಞರು ಇದನ್ನು ತಾಣದ ಪೂರ್ವವಿಶ್ಲೇಷಣೆ ಎನ್ನುತ್ತಾರೆ. ಈ ವಿಶ್ಲೇಷಣೆ ಎಂತಹುದು, ಅದರ ಅಂಗಗಳು ಯಾವುವು, ಅದು ತಡವಾದರೆ ಆಗುವ ಅನಾಹುತವೇನು ಎಂಬುದನ್ನು ಮುಂಬಯಿಯ ಕಾಲಾಘೋಡಾ ಪರಿಸರದ ಪ್ರಸಿದ್ಧ ಕಟ್ಟಡವಾದ ಎಸ್ಪ್ಲನೇಡ್ ಮ್ಯಾನ್ಶನ್ನಿನ ನಿದರ್ಶನದ ಮೂಲಕ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಕಟ್ಟಡದ ಪೂರ್ವೇತಿಹಾಸ

1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರಿಯರ್ ಅವರ ಆಡಳಿತ ಕಾಲದಲ್ಲಿ ಮುಂಬಯಿ ಕೋಟೆಯ ಗೋಡೆಗಳನ್ನು ಕೆಡವಲಾಯಿತು. ಕೋಟೆಯ ಹೊರಗಿನ ಎಸ್ಪ್ಲನೇಡ್ ಮೈದಾನದ ಅಂಚಿನಲ್ಲಿ ನಿವೇಶನಗಳನ್ನು ಹರಾಜು ಹಾಕಲಾಯಿತು. ಅಮೆರಿಕದ ಅಂತರ್ಯುದ್ಧದ ದೆಸೆಯಿಂದ ಹತ್ತಿಯ ಬೆಲೆ ಏರಿ, ನಗರದಲ್ಲಿ ಹಣ ಹರಿದಾಡುತ್ತಿದ್ದ ಕಾಲವದು. ಬಟ್ಟೆ ವ್ಯಾಪಾರಿಯಾಗಿದ್ದ ಜಾನ್ ಹಡ್ಸನ್ ವಾಟ್ಸನ್ ಇಲ್ಲಿ ಒಂದು ನಿವೇಶನವನ್ನು ಪಡೆದನು. ಇಂಗ್ಲೆಂಡಿನ ಎಂಜಿನಿಯರ್ ರೋಲಂಡ್ ಮೇಸನ್ ಆರ್ಡಿಶ್ ವಿನ್ಯಾಸ ರೂಪಿಸಿದನು. ಎರಕದ ಕಬ್ಬಿಣದ ಕಂಬ ತೊಲೆಗಳನ್ನು ಇಂಗ್ಲೆಂಡಿನಲ್ಲಿ ತಯಾರಿಸಿ, ಹಡಗಿನಲ್ಲಿ ತಂದು, 1867ರಿಂದ 1869ರ ಅವಧಿಯಲ್ಲಿ ಇಲ್ಲಿ ಜೋಡಿಸಲಾಯಿತು. ಚೌಕಟ್ಟು ಕಬ್ಬಿಣದ್ದು, ನಡುವಣ ಗೋಡೆಗಳು ಇಟ್ಟಿಗೆಯವು. ಹೊರಮೈಯಲ್ಲಿ ಕಬ್ಬಿಣವನ್ನು ಮರೆಮಾಚದೆ ಹಾಗೆಯೇ ಕಾಣಬಿಟ್ಟಿದ್ದು ಈ ಕಟ್ಟಡದ ವಿಶೇಷ. ಭಾರತದಲ್ಲಿ ಉಳಿದುಬಂದಿರುವ ಎರಕದ ಕಬ್ಬಿಣದ ಬಹುಮಹಡಿ ಕಟ್ಟಡಗಳಲ್ಲಿ ಇದನ್ನು ಅತ್ಯಂತ ಹಳೆಯದೆಂದು ಪರಿಗಣಿಸಲಾಗುತ್ತದೆ.

1871ರಲ್ಲಿ ಇದು ವಾಟ್ಸನ್ ಹೋಟೆಲಾಗಿ ಬಾಗಿಲು ತೆರೆಯಿತು. 1896ರ ಆರಂಭದಲ್ಲಿ ಅಮೆರಿಕದ ಲೇಖಕ ಮಾರ್ಕ್ ಟ್ವೇನ್ ಇಲ್ಲಿ ತಂಗಿದ್ದನು. ಅದೇ ವರ್ಷ ಜುಲೈ 7ರಂದು ಲೂಮಿಯೇರ್ ಸಹೋದರರ ಚಲಚ್ಚಿತ್ರಗಳ ಪ್ರದರ್ಶನ ಇದೇ ಹೋಟೆಲಿನಲ್ಲಿ ನಡೆಯಿತು. ಭಾರತದಲ್ಲಿ ಸಿನಿಮಾದ ಇತಿಹಾಸ ಆರಂಭವಾಗುವುದು ಆ ಸಂಜೆಯಿಂದ. 1903ರಲ್ಲಿ ತಾಜಮಹಲ್ ಹೋಟೆಲು ಆರಂಭವಾದ ತರುವಾಯ ವಾಟ್ಸನ್ ಹೋಟೆಲಿನ ವೈಭವ ಕುಂದಿತು. ಕಾಲಾಂತರದಲ್ಲಿ ಹೋಟೆಲು ಮುಚ್ಚಿತು. ಒಳಾಂಗಣವನ್ನು ಸಣ್ಣಸಣ್ಣ ಕೋಣೆಗಳಾಗಿ ವಿಂಗಡಿಸಿ ಬಾಡಿಗೆಗೆ ಕೊಡಲಾಯಿತು. ಸಮೀಪದಲ್ಲಿಯೇ ನ್ಯಾಯಾಲಯಗಳಿರುವುದರಿಂದ ವಕೀಲರ ಕಚೇರಿಗಳು, ಬೆರಳಚ್ಚು ಮತ್ತು ಝೆರಾಕ್ಸ್ ಅಂಗಡಿಗಳು ಇಲ್ಲಿ ನೆಲೆಯೂರಿದವು.

2005ರಲ್ಲಿ ಕಟ್ಟಡದ ಬಾಲ್ಕನಿಯ ಒಂದು ಭಾಗ ಕುಸಿದು ಪ್ರಾಣಹಾನಿಯಾಯಿತು. ನ್ಯೂಯಾರ್ಕಿನ ವಿಶ್ವ ಸ್ಮಾರಕ ನಿಧಿಯು ಸಿದ್ಧಪಡಿಸಿದ 2006ರ ಅಪಾಯಗ್ರಸ್ತ ತಾಣಗಳ ಪಟ್ಟಿಯಲ್ಲಿ ಇದು ಸ್ಥಾನ ಪಡೆಯಿತು. ಮಹಾನಗರದ ಪಾರಂಪರಿಕ ಪಟ್ಟಿಯಲ್ಲಿ ಇದರದು ದ್ವಿತೀಯ ದರ್ಜೆಯ ಎ ವರ್ಗ. 2018ರ ಜೂನ್ 30ರಂದು ಯುನೆಸ್ಕೋ ಸಂಸ್ಥೆಯು ಮುಂಬಯಿಯ ವಿಕ್ಟೋರಿಯನ್ ಗಾಥಿಕ್ ಮತ್ತು ಆರ್ಟ್ ಡೆಕೋ ಕಟ್ಟಡ ಸಮೂಹವನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಮರುವರ್ಷ, ಅಂದರೆ 2019ರಲ್ಲಿ, ಆ ಸಮೂಹದ ಪರಿಸರದಲ್ಲಿಯೇ ಇರುವ ಈ ಕಟ್ಟಡವನ್ನು ಅಪಾಯಕಾರಿಯೆಂಬ ಕಾರಣದಿಂದ ತೆರವುಗೊಳಿಸಬೇಕಾಯಿತು. ಈ ಎರಡು ಘಟನೆಗಳ ನಡುವಿನ ಅಂತರ ಒಂದೇ ವರ್ಷವೆಂಬುದು ಗಮನಾರ್ಹ.

ಕಟ್ಟಡ ಒಂದು, ಅಭಿಪ್ರಾಯ ಎರಡು

ತೆರವಿನ ಸಂದರ್ಭದಲ್ಲಿ ಪ್ರಶ್ನೆ ಮುಂಬಯಿ ಉಚ್ಚ ನ್ಯಾಯಾಲಯದ ಮುಂದೆ ಬಂತು. ಮುಂಬಯಿ ಐಐಟಿಯ ತಜ್ಞರು ಕಟ್ಟಡದ ಸ್ಥಿತಿಯನ್ನು ಪರಿಶೀಲಿಸಿ, ದುರಸ್ತಿ ಕಾರ್ಯಸಾಧ್ಯವಲ್ಲ, ಕೆಡಹುವುದೇ ಸೂಕ್ತವೆಂಬ ಅಭಿಪ್ರಾಯಕ್ಕೆ ಬಂದರು. ಸಂರಕ್ಷಣಾ ಕ್ಷೇತ್ರದ ವಾಸ್ತುಶಿಲ್ಪಿಗಳು ಮತ್ತು ಎಂಜಿನಿಯರರು ಇದನ್ನು ಒಪ್ಪಲಿಲ್ಲ. ಕಬ್ಬಿಣದ ಚೌಕಟ್ಟನ್ನು ಬಲಪಡಿಸಿ ಕಟ್ಟಡವನ್ನು ಉಳಿಸಿಕೊಳ್ಳಲು ಸಾಧ್ಯವೆಂಬುದು ಅವರ ಮತ.

ಇಬ್ಬರೂ ವಿದ್ವಾಂಸರೇ. ಇಬ್ಬರೂ ನೋಡಿದ್ದು ಅದೇ ಕಟ್ಟಡವನ್ನು. ಆದರೂ ನಿರ್ಣಯಗಳು ಬೇರೆಯಾದವು. ಸಾಮಾನ್ಯ ಜನರಿಗೆ ಇಂತಹ ಸಂದರ್ಭದಲ್ಲಿ ಯಾರೋ ಒಬ್ಬರು ತಪ್ಪಿರಬೇಕು ಅಥವಾ ಯಾರದೋ ಹಿತಾಸಕ್ತಿ ಅಡಗಿರಬೇಕು ಎಂಬ ಸಂದೇಹ ಬರುವುದು ಸಹಜ. ನಮಗೆ ತೋರುವ ಕಾರಣ ಬೇರೆ. ಈ ಕಟ್ಟಡ ನಾಳೆ ಯಾರ ತಲೆಯ ಮೇಲಾದರೂ ಬೀಳಬಹುದೇ ಎಂಬ ಪ್ರಶ್ನೆಗೆ ದೊರೆಯುವ ಉತ್ತರ ಒಂದು. ಈ ಕಟ್ಟಡದಲ್ಲಿ ಉಳಿಸಬೇಕಾದುದು ಯಾವುದು, ಅದನ್ನು ಉಳಿಸಲು ಏನು ಮಾಡಬೇಕು ಎಂಬ ಪ್ರಶ್ನೆಗೆ ದೊರೆಯುವ ಉತ್ತರ ಇನ್ನೊಂದು. ಮೊದಲ ಪ್ರಶ್ನೆ ತುರ್ತಿನದು. ಎರಡನೆಯದಕ್ಕೆ ಸಾವಧಾನ ಬೇಕು. ಕುಸಿತದ ಭೀತಿ ಎದುರಾದ ಮೇಲೆ ಎರಡನೆಯ ಪ್ರಶ್ನೆಯನ್ನು ಕೇಳುವ ವ್ಯವಧಾನವೇ ಉಳಿಯುವುದಿಲ್ಲ. 2005ರ ದುರ್ಘಟನೆಗೂ 2019ರ ತೆರವಿಗೂ ನಡುವೆ 14 ಮಳೆಗಾಲಗಳು ಕಳೆದುಹೋದವು. ಸಾವಧಾನದ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬಹುದಾಗಿದ್ದ ಅವಧಿ ಅದು.

ನಾವು ಬ್ಯಾಂಕಿನ ವೃತ್ತಿಯಲ್ಲಿ ಇರುವವರು. ಆಸ್ತಿಯ ಮೇಲೆ ಸಾಲ ನೀಡುವಾಗ ಹಕ್ಕುಪತ್ರಗಳನ್ನು ವಕೀಲರು ಶೋಧಿಸುತ್ತಾರೆ, ಬೆಲೆಯನ್ನು ಮೌಲ್ಯಮಾಪಕರು ಕಟ್ಟುತ್ತಾರೆ, ಸ್ಥಳವನ್ನು ಅಧಿಕಾರಿ ಕಣ್ಣಾರೆ ಕಂಡು ಬರುತ್ತಾನೆ. ಒಬ್ಬರ ವರದಿ ಇನ್ನೊಬ್ಬರ ವರದಿಯ ಸ್ಥಾನವನ್ನು ತುಂಬಲಾರದು. ಪಾರಂಪರಿಕ ತಾಣದ ವಿಶ್ಲೇಷಣೆಗೂ ಇದೇ ನ್ಯಾಯ ಅನ್ವಯಿಸುತ್ತದೆ. ಅದರ ಅಂಗಗಳನ್ನು ಒಂದೊಂದಾಗಿ ನೋಡೋಣ.

ದಾಖಲೆಗಳ ಶೋಧ

ಮೊದಲ ಕಾರ್ಯ ಕಾಗದಪತ್ರಗಳದು. ಮುಂಬಯಿಯ ಮಟ್ಟಿಗೆ ಇದಕ್ಕೆ ಉತ್ತಮ ಸೌಲಭ್ಯಗಳಿವೆ. 1865ರಿಂದ 1872ರವರೆಗೆ ಲಾಟನ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ನಗರದ ವಿಸ್ತೃತ ಮೋಜಣಿ ನಡೆಯಿತು. ಆ ನಕ್ಷೆಗಳನ್ನು ಇಂದಿನ ನಕ್ಷೆಗಳ ಜೊತೆ ಹೋಲಿಸಿದರೆ ಯಾವ ಕಟ್ಟಡ ಮೂಲದ್ದು, ಯಾವ ಭಾಗ ತರುವಾಯ ಸೇರಿದ್ದು ಎಂಬುದರ ಸುಳಿವು ಸಿಗುತ್ತದೆ. ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ರಾಜ್ಯ ಪತ್ರಾಗಾರ, ಏಷಿಯಾಟಿಕ್ ಸೊಸೈಟಿಯ ಗ್ರಂಥಾಲಯ, ನಗರ ಮೋಜಣಿ ಕಚೇರಿಯ ಆಸ್ತಿ ಪತ್ರ, ಮಹಾನಗರಪಾಲಿಕೆಯ ತೆರಿಗೆ ದಾಖಲೆ, ಹಳೆಯ ಛಾಯಾಚಿತ್ರಗಳು ಮತ್ತು ಅಂಚೆಕಾರ್ಡುಗಳು, ಇವೆಲ್ಲವೂ ಆಕರಗಳೇ.

ಕಥೆಯನ್ನೂ ಚರಿತ್ರೆಯನ್ನೂ ಬೇರ್ಪಡಿಸುವುದು ಈ ಹಂತದ ಮತ್ತೊಂದು ಕರ್ತವ್ಯ. ವಾಟ್ಸನ್ ಹೋಟೆಲಿನಲ್ಲಿ ಪ್ರವೇಶ ನಿರಾಕರಿಸಲ್ಪಟ್ಟ ಜಮಶೇಟ್‌ಜಿ ಟಾಟಾ ಅವರು ಆ ಅವಮಾನದಿಂದಲೇ ತಾಜಮಹಲ್ ಹೋಟೆಲನ್ನು ಕಟ್ಟಿಸಿದರೆಂಬ ಕಥೆ ಜನಜನಿತವಾಗಿದೆ. ಕೇಳಲು ಸೊಗಸಾದ ಈ ಕಥೆಯನ್ನು ಹಲವು ಇತಿಹಾಸಕಾರರು ಸಂದೇಹದಿಂದಲೇ ಕಾಣುತ್ತಾರೆ. ಜುಲೈ 7ರ ಚಲಚ್ಚಿತ್ರ ಪ್ರದರ್ಶನವಾದರೋ ಅಂದಿನ ಪತ್ರಿಕೆಯ ಜಾಹೀರಾತಿನಿಂದಲೇ ಸಿದ್ಧವಾಗುತ್ತದೆ. ತಾಣದ ಮಹತ್ವವನ್ನು ದಂತಕಥೆಯ ಮೇಲೆ ನಿಲ್ಲಿಸಿದರೆ, ಕಥೆ ಸುಳ್ಳಾದ ದಿನ ಮಹತ್ವವೂ ಕುಸಿಯುತ್ತದೆ.

ಅಳತೆ ಮತ್ತು ದೇಹಸ್ಥಿತಿ

ಎರಡನೆಯದು ಅಳತೆಯ ನಕ್ಷೆ. ಹಳೆಯ ಕಟ್ಟಡಗಳ ಮೂಲ ನಕ್ಷೆ ಸಿಕ್ಕರೂ ಕಟ್ಟಡ ಇಂದು ಅದರಂತೆಯೇ ಇರುವುದು ಅಪೂರ್ವ. ಪ್ರತಿ ಮಹಡಿ, ಪ್ರತಿ ಕಂಬ, ಪ್ರತಿ ಬಾಗಿಲನ್ನು ಇದ್ದಂತೆಯೇ ಅಳೆದು ಬರೆಯಬೇಕು. ಲೇಸರ್ ಯಂತ್ರಗಳಿಂದ ಈ ಕೆಲಸ ಈಗ ಸುಲಭವಾಗಿದೆ. ಆದರೆ ಯಂತ್ರ ಗೋಡೆಯ ಹೊರಮೈಯನ್ನು ಮಾತ್ರ ಕಾಣಬಲ್ಲದು. ಗಿಲಾವಿನ ಹಿಂದೆ ಏನಿದೆ ಎಂಬುದನ್ನು ಮನುಷ್ಯನೇ ತಟ್ಟಿ ಕೇಳಿ ಅರಿಯಬೇಕು.

ಮೂರನೆಯದು ಸ್ಥಿತಿಯ ಪರೀಕ್ಷೆ. ಇಲ್ಲಿ ದ್ರವ್ಯದ ಸ್ವಭಾವವನ್ನು ಬಲ್ಲವರೇ ಬೇಕು. ಎರಕದ ಕಬ್ಬಿಣ ಮೇಲಿನಿಂದ ಬರುವ ಭಾರವನ್ನು ಚೆನ್ನಾಗಿ ಹೊರುತ್ತದೆ. ಎಳೆತ ಅಥವಾ ಬಾಗುವಿಕೆಗೆ ಸಿಕ್ಕರೆ ಮುನ್ಸೂಚನೆ ನೀಡದೆ ಮುರಿಯುತ್ತದೆ. ಇಂದಿನ ಉಕ್ಕು ಹಾಗಲ್ಲ. ಅದು ಮೊದಲು ಬಾಗಿ ಎಚ್ಚರಿಕೆ ಕೊಡುತ್ತದೆ. ಆದ್ದರಿಂದ ಎರಕದ ಕಬ್ಬಿಣದ ಕಟ್ಟಡದಲ್ಲಿ ಕಂಬಗಳಿಗಿಂತ ಹೊರಚಾಚಿದ ಬಾಲ್ಕನಿ ಮತ್ತು ತೊಲೆಗಳ ಕೀಲುಗಳನ್ನು ಹೆಚ್ಚು ಜಾಗರೂಕತೆಯಿಂದ ನೋಡಬೇಕು. ಕಬ್ಬಿಣ ತುಕ್ಕು ಹಿಡಿದಾಗ ಅದರ ಗಾತ್ರ ಹಲವು ಪಟ್ಟು ಹಿಗ್ಗುತ್ತದೆ. ಹಾಗೆ ಹಿಗ್ಗಿದ ತುಕ್ಕು ಪಕ್ಕದ ಇಟ್ಟಿಗೆಯನ್ನೂ ಕಲ್ಲನ್ನೂ ಸೀಳುತ್ತದೆ. ಗೋಡೆಯಲ್ಲಿ ಕಾಣುವ ಬಿರುಕಿಗೆ ಕಾರಣ ಅಡಿಪಾಯವಲ್ಲದೆ ಒಳಗೆ ಹುದುಗಿರುವ ಕಬ್ಬಿಣದ ತುಂಡೂ ಆಗಿರಬಹುದು.

ಸುಣ್ಣದ ಗಾರೆಯ ವಿಷಯವೂ ಹೀಗೆಯೇ. ಹಳೆಯ ಗೋಡೆ ಸುಣ್ಣದ ಮೂಲಕ ತೇವವನ್ನು ಹೊರಹಾಕುತ್ತಿರುತ್ತದೆ. ಗಟ್ಟಿಯಾಗಲೆಂದು ಅದರ ಮೇಲೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಸಿಕ್ಕಿಕೊಂಡು ಇಟ್ಟಿಗೆಯನ್ನು ಕೊರೆಯುತ್ತದೆ. ಸದುದ್ದೇಶದ ದುರಸ್ತಿಗಳಿಂದಲೇ ಕೆಟ್ಟ ಕಟ್ಟಡಗಳು ಮುಂಬಯಿಯಲ್ಲಿ ಸಾಕಷ್ಟಿವೆ. ಕಾಂಕ್ರೀಟಿಗಾಗಿ ರೂಪಿಸಿದ ಸುತ್ತಿಗೆ ಪರೀಕ್ಷೆಯನ್ನು ಸುಣ್ಣದ ಗೋಡೆಯ ಮೇಲೆ ಪ್ರಯೋಗಿಸಿ ಬಲಹೀನವೆಂದು ತೀರ್ಪು ಕೊಡುವುದು ಸರಿಯಲ್ಲ. ಮರದ ತೊಲೆಗೆ ಕೊರೆದು ನೋಡುವ ಪರೀಕ್ಷೆ, ಲೋಹಕ್ಕೆ ದಪ್ಪ ಅಳೆಯುವ ಶ್ರವಣಾತೀತ ತರಂಗದ ಪರೀಕ್ಷೆ, ಗೋಡೆಗೆ ತೇವದ ಪರೀಕ್ಷೆ, ಹೀಗೆ ಒಂದೊಂದಕ್ಕೂ ಅದರದೇ ವಿಧಾನವಿದೆ.

ಬಿರುಕುಗಳ ವಿಷಯದಲ್ಲಿ ಕಾಲವೂ ಒಂದು ಸಾಧನ. ಬಿರುಕಿನ ಮೇಲೆ ತೆಳುವಾದ ಗಾಜಿನ ಪಟ್ಟಿಯನ್ನು ಅಂಟಿಸಿ ದಿನಾಂಕ ಬರೆದಿಡುವುದು ಹಳೆಯ ಪದ್ಧತಿ. ಗಾಜು ಒಡೆದರೆ ಬಿರುಕು ಇನ್ನೂ ಚಲಿಸುತ್ತಿದೆಯೆಂದು ಅರ್ಥ. ಒಡೆಯದಿದ್ದರೆ ಅದು ಎಂದೋ ನಿಂತುಹೋದ ಬಿರುಕು. ಇದನ್ನು ನಿರ್ಣಯಿಸಲು ಕನಿಷ್ಠ ಒಂದು ಮಳೆಗಾಲ ಮತ್ತು ಒಂದು ಬೇಸಿಗೆಯಾದರೂ ಕಳೆಯಬೇಕು. ಒಂದು ಮಧ್ಯಾಹ್ನದ ಭೇಟಿಯಲ್ಲಿ ಬರೆದ ವರದಿಗೆ ಈ ಬೆಲೆ ಬರಲಾರದು.

ಮಹತ್ವದ ನಿರ್ಣಯ

ನಾಲ್ಕನೆಯ ಅಂಗ ಮಹತ್ವದ ನಿರ್ಣಯ. ಆಸ್ಟ್ರೇಲಿಯದಲ್ಲಿ 1979ರಲ್ಲಿ ಅಂಗೀಕೃತವಾದ ಬರ್ರಾ ಸನ್ನದು ಒಂದು ಸರಳ ಕ್ರಮವನ್ನು ಹೇಳಿಕೊಟ್ಟಿದೆ. ಮೊದಲು ತಾಣದ ಮಹತ್ವವನ್ನು ಅರಿಯಬೇಕು, ತರುವಾಯ ನೀತಿಯನ್ನು ರೂಪಿಸಬೇಕು, ಕೊನೆಗೆ ನಿರ್ವಹಣೆಗೆ ತೊಡಗಬೇಕು. ನಮ್ಮ ದೇಶದ ಇಂಟ್ಯಾಕ್ ಸಂಸ್ಥೆಯು 2004ರಲ್ಲಿ ಅಂಗೀಕರಿಸಿದ ಸನ್ನದು ಇನ್ನೂ ಮುಂದೆ ಹೋಗಿ, ಸರಕಾರದ ರಕ್ಷಣೆ ಇಲ್ಲದ ಕಟ್ಟಡಗಳನ್ನೂ ಅವುಗಳನ್ನು ಕಟ್ಟಿ ಕಾಪಾಡಿಕೊಂಡು ಬಂದ ಕುಶಲಕರ್ಮಿಗಳ ಪರಂಪರೆಯನ್ನೂ ಸಂರಕ್ಷಣೆಯ ವ್ಯಾಪ್ತಿಗೆ ತಂದಿತು.

ಎಸ್ಪ್ಲನೇಡ್ ಮ್ಯಾನ್ಶನ್ನಿನ ಮಹತ್ವವೆಲ್ಲಿದೆ? ಮುಖ್ಯವಾಗಿ ಅದರ ಕಬ್ಬಿಣದ ಚೌಕಟ್ಟಿನಲ್ಲಿ. ಅದನ್ನು ಕೆಡವಿ ಕಾಂಕ್ರೀಟಿನಲ್ಲಿ ಅದೇ ಮುಖವನ್ನು ಮತ್ತೆ ಕಟ್ಟಿದರೆ ನೋಟ ಉಳಿಯಬಹುದು, ಮಹತ್ವ ಉಳಿಯದು. ಇದಕ್ಕೆ ವ್ಯತಿರಿಕ್ತವಾಗಿ, ಒಳಗಿನ ಹಲಗೆಯ ವಿಭಜನೆಗಳನ್ನು ತೆಗೆದರೆ ಮಹತ್ವಕ್ಕೆ ಕುಂದಿಲ್ಲ. ಭಾರ ಇಳಿದು ಕಟ್ಟಡಕ್ಕೆ ಉಪಕಾರವೇ ಆಗುತ್ತದೆ. ಯಾವುದನ್ನು ಬಿಡಲಾಗದು, ಯಾವುದನ್ನು ಬದಲಿಸಬಹುದು, ಯಾವುದನ್ನು ತೆಗೆದೇ ಹಾಕಬೇಕು ಎಂದು ಮೂರು ಪಟ್ಟಿಗಳನ್ನು ಮಾಡಿಕೊಂಡರೆ ಅರ್ಧ ವಾದ ಅಲ್ಲಿಯೇ ಇತ್ಯರ್ಥವಾಗುತ್ತದೆ.

ಕಣ್ಣಿಗೆ ಕಾಣದ ಮಹತ್ವವೂ ಇದೆ. ಫೋರ್ಟ್ ಪರಿಸರದ ಉಡುಪಿ ಹೋಟೆಲುಗಳಲ್ಲಿ ಹಗಲೆಲ್ಲ ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತು, ಮುಂದೆ ಗುಮಾಸ್ತರೂ ವಕೀಲರೂ ಉದ್ಯಮಿಗಳೂ ಆದ ತುಳು ಕನ್ನಡಿಗರ ಕಥೆ ನಮ್ಮ ಹಿರಿಯರಿಗೆಲ್ಲ ಗೊತ್ತು. ಅವರು ಓಡಾಡಿದ ಮೆಟ್ಟಿಲು, ಕಲಿತ ಕೋಣೆ, ಮಲಗಿದ ಮಾಳಿಗೆ ಯಾವ ಅಳತೆಯ ನಕ್ಷೆಯಲ್ಲಿಯೂ ಸೇರುವುದಿಲ್ಲ. ವಾಸ್ತುಶಿಲ್ಪದ ದೃಷ್ಟಿಯಿಂದ ಸಾಮಾನ್ಯವಾದ ಕಟ್ಟಡವೂ ಒಂದು ಸಮುದಾಯಕ್ಕೆ ತೌರುಮನೆಯಾಗಿರಬಹುದು. ಆ ಸಂಗತಿಯನ್ನು ಹೇಳಬೇಕಾದವರು ಆ ಸಮುದಾಯದವರೇ. ಕೇಳದಿದ್ದರೆ ಅದು ವರದಿಗೆ ಬಾರದು.

ಕಾನೂನು ಮತ್ತು ಹಕ್ಕು

ಐದನೆಯದು ಕಾನೂನಿನ ಚೌಕಟ್ಟು. ದೇಶದ ಮಹಾನಗರಗಳಲ್ಲಿ ಮೊತ್ತಮೊದಲು ಪಾರಂಪರಿಕ ನಿಯಮಾವಳಿಯನ್ನು 1995ರಲ್ಲಿ ಜಾರಿಗೆ ತಂದ ಹಿರಿಮೆ ಮುಂಬಯಿಯದು. ಇದರಂತೆ ಪ್ರಥಮ ದರ್ಜೆಯ ಕಟ್ಟಡಗಳಲ್ಲಿ ಬಲಪಡಿಸುವ ಕೆಲಸದ ಹೊರತು ಬೇರೆ ಬದಲಾವಣೆಗೆ ಸಾಮಾನ್ಯವಾಗಿ ಅವಕಾಶವಿಲ್ಲ. ದ್ವಿತೀಯ ದರ್ಜೆಯಲ್ಲಿ ಒಳಗಿನ ಬದಲಾವಣೆಯನ್ನೂ ಹೊಸ ಉಪಯೋಗವನ್ನೂ ಪರಿಶೀಲಿಸಿ ಅನುಮತಿಸಬಹುದು. ತೃತೀಯ ದರ್ಜೆಯಲ್ಲಿ ಸ್ವಾತಂತ್ರ್ಯ ಇನ್ನೂ ಹೆಚ್ಚು. ದರ್ಜೆ ಗೊತ್ತಿಲ್ಲದೆ ಯೋಜನೆ ರೂಪಿಸುವುದು ವ್ಯರ್ಥ ಪ್ರಯಾಸ. ದೆಹಲಿ, ಹೈದರಾಬಾದ್ ಮೊದಲಾದ ನಗರಗಳಲ್ಲಿರುವ ಓದುಗರು ಇನ್ನೊಂದು ಸಂಗತಿಯನ್ನು ಗಮನದಲ್ಲಿರಿಸಬೇಕು. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶವೆಂದು 2010ರ ತಿದ್ದುಪಡಿ ಕಾಯಿದೆ ವಿಧಿಸಿದೆ.

ಮುಂಬಯಿಯ ಹಳೆಯ ಕಟ್ಟಡಗಳ ಶಿಥಿಲತೆಯ ಬೇರು ಬಹುಮಟ್ಟಿಗೆ ಬಾಡಿಗೆ ಕಾನೂನಿನಲ್ಲಿದೆ. 1947ರ ಮುಂಬಯಿ ಬಾಡಿಗೆ ಕಾಯಿದೆಯು ಬಾಡಿಗೆಯನ್ನು 1940ರ ಸೆಪ್ಟೆಂಬರ್ ತಿಂಗಳ ದರಕ್ಕೆ ಕಟ್ಟಿಹಾಕಿತು. ಯುದ್ಧಾನಂತರದ ಸಂಕಷ್ಟದಲ್ಲಿ ಅದು ಲಕ್ಷಾಂತರ ಕುಟುಂಬಗಳನ್ನು ರಕ್ಷಿಸಿತು, ಅವುಗಳಲ್ಲಿ ನಮ್ಮವರೂ ಇದ್ದರು. ಆದರೆ ದಶಕಗಳು ಕಳೆದಂತೆ ಆ ಬಾಡಿಗೆಯಿಂದ ಸುಣ್ಣ ಬಳಿಸುವುದೂ ಅಸಾಧ್ಯವಾಯಿತು. ಮಾಲೀಕನಿಗೆ ಆಸಕ್ತಿ ಉಳಿಯಲಿಲ್ಲ, ಬಾಡಿಗೆದಾರನಿಗೆ ಮಾಲೀಕತ್ವ ಬರಲಿಲ್ಲ. ನಡುವೆ ಪಗಡಿ ಪದ್ಧತಿ ಬೆಳೆಯಿತು. ಹಳೆಯ ಕಟ್ಟಡಗಳಿಂದ ಉಪಕರ ಸಂಗ್ರಹಿಸಿ ದುರಸ್ತಿ ಮಾಡಿಸುವ ಮಂಡಳಿಯ ವ್ಯವಸ್ಥೆ 1969ರ ಕಾಯಿದೆಯಿಂದ ಬಂದರೂ ಅಗತ್ಯಕ್ಕೆ ಅದು ಸಾಲದಾಯಿತು. 1999ರ ಬಾಡಿಗೆ ನಿಯಂತ್ರಣ ಕಾಯಿದೆ ವರ್ಷಕ್ಕೆ ಶೇಕಡಾ 4ರ ಏರಿಕೆಗೆ ಅವಕಾಶ ನೀಡಿತು. ಅಷ್ಟು ಹೊತ್ತಿಗೆ ತುಕ್ಕು ತನ್ನ ಕೆಲಸವನ್ನು ಮಾಡಿತ್ತು. ಆದ್ದರಿಂದ ಕಟ್ಟಡದ ಬಿರುಕಿನ ಕಾರಣವನ್ನು ಗೋಡೆಯಲ್ಲಿ ಮಾತ್ರ ಹುಡುಕಿದರೆ ಸಾಲದು, ಬಾಡಿಗೆಯ ಚೀಟಿಯಲ್ಲಿಯೂ ಹುಡುಕಬೇಕು.

ಜನರು ಮತ್ತು ಹಣ

ಆರನೆಯದು ಜನರ ಗಣತಿ. ಕಾನೂನುಬದ್ಧ ಬಾಡಿಗೆದಾರ, ಅವನ ಉಪಬಾಡಿಗೆದಾರ, ಮೆಟ್ಟಿಲ ಕೆಳಗೆ ಚಹಾ ಮಾರುವವನು, ಹೊರಗಿನ ಪುಸ್ತಕದ ಅಂಗಡಿಯವನು, ಎಲ್ಲರೂ ತಾಣದ ಬದುಕಿನ ಭಾಗವೇ. ಪಟ್ಟಿಯಲ್ಲಿ ಇಲ್ಲದವನಿಗೆ ಪರಿಹಾರದಲ್ಲಿಯೂ ಸ್ಥಾನವಿರುವುದಿಲ್ಲ. ತೆರವಿನ ಗಡಿಬಿಡಿಯಲ್ಲಿ ಮಾಡಿದ ಗಣತಿಯಲ್ಲಿ ಮೊದಲು ಬಿಟ್ಟುಹೋಗುವವರು ದುರ್ಬಲರೇ.

ಪುನರಭಿವೃದ್ಧಿ ಎಂದರೆ ಸದಾ ಅನಿಷ್ಟವೆಂದು ನಮ್ಮ ಅಭಿಪ್ರಾಯವಲ್ಲ. 1920ರ ದಶಕದಲ್ಲಿ ಕಟ್ಟಿದ ಬಿಡಿಡಿ ಚಾಳುಗಳಲ್ಲಿ 160 ಚದರ ಅಡಿಯ ಕೋಣೆ ಮತ್ತು ಸಾರ್ವಜನಿಕ ಶೌಚಾಲಯಗಳೊಂದಿಗೆ ತಲೆಮಾರುಗಳು ಕಳೆದವು. 2025ರ ಆಗಸ್ಟ್ ತಿಂಗಳಿನಲ್ಲಿ ವರ್ಲಿಯಲ್ಲಿ 556 ಕುಟುಂಬಗಳಿಗೆ 500 ಚದರ ಅಡಿಯ ಹೊಸ ಮನೆಗಳ ಕೀಲಿಕೈ ದೊರೆತಾಗ ಅವರ ಸಂತೋಷ ನ್ಯಾಯವಾದುದೇ. ಹಳೆಯದೆಂಬ ಒಂದೇ ಕಾರಣಕ್ಕೆ ಯಾರನ್ನೂ ಅನಾನುಕೂಲದಲ್ಲಿ ಬದುಕಿರೆಂದು ಹೇಳುವ ಅಧಿಕಾರ ನಮಗಿಲ್ಲ.

ಏಳನೆಯ ಅಂಗ ಹಣಕಾಸು. ದುರಸ್ತಿಯ ವೆಚ್ಚವನ್ನು ಹೊಸ ಕಟ್ಟಡದ ವೆಚ್ಚದ ಜೊತೆಗೆ ಹೋಲಿಸಿ ದುಬಾರಿಯೆಂದು ಕೈಬಿಡುವುದು ವಾಡಿಕೆ. ಈ ಲೆಕ್ಕದಲ್ಲಿ ಒಂದು ಬದಿ ಬರಿದಾಗಿರುತ್ತದೆ. ಕಟ್ಟಡದ ಹೊಸ ಉಪಯೋಗದಿಂದ ಬರಬಹುದಾದ ಆದಾಯ, ಪಾರಂಪರಿಕ ಕಟ್ಟಡದ ಮಾಲೀಕನಿಗೆ ಬೇರೆಡೆ ಮಾರಿಕೊಳ್ಳಲು ನಿಯಮಾವಳಿ ನೀಡುವ ವರ್ಗಾವಣೀಯ ನಿರ್ಮಾಣ ಹಕ್ಕು, ಸುತ್ತಲಿನ ಪರಿಸರಕ್ಕೆ ಆಗುವ ಲಾಭ, ಇವನ್ನು ಜಮೆಯ ಬದಿಯಲ್ಲಿ ಬರೆಯದೆ ಖರ್ಚಿನ ಬದಿಯನ್ನು ಮಾತ್ರ ತೋರಿಸಿದರೆ ಅದು ತಾಳೆಪಟ್ಟಿ ಎನಿಸದು.

ಎರಡು ಯಶಸ್ಸು, ಒಂದು ಎಚ್ಚರಿಕೆ

ಕ್ರಮದಿಂದ ನಡೆದ ಕೆಲಸಗಳು ಇದೇ ನಗರದಲ್ಲಿವೆ. ಭಾಯಖಳಾದಲ್ಲಿ 1872ರಲ್ಲಿ ಸಾರ್ವಜನಿಕರಿಗೆ ತೆರೆದ ವಸ್ತುಸಂಗ್ರಹಾಲಯ ಇಂದು ಡಾ. ಭಾವೂ ದಾಜಿ ಲಾಡ್ ಅವರ ಹೆಸರಿನಲ್ಲಿದೆ. 2003ರಲ್ಲಿ ಮಹಾನಗರಪಾಲಿಕೆ, ಇಂಟ್ಯಾಕ್ ಮತ್ತು ಜಮನಾಲಾಲ್ ಬಜಾಜ್ ಪ್ರತಿಷ್ಠಾನಗಳು ಒಡಂಬಡಿಕೆ ಮಾಡಿಕೊಂಡು ಇದರ ಜೀರ್ಣೋದ್ಧಾರ ಕೈಗೊಂಡವು. 2005ರಲ್ಲಿ ಯುನೆಸ್ಕೋದ ಏಷ್ಯಾ ಶಾಂತಸಾಗರ ವಲಯದ ಅತ್ಯುನ್ನತ ಸಂರಕ್ಷಣಾ ಪ್ರಶಸ್ತಿ ಇದಕ್ಕೆ ಸಂದಿತು. 2008ರಲ್ಲಿ ಸಂಗ್ರಹಾಲಯ ಮತ್ತೆ ಜನರಿಗೆ ತೆರೆಯಿತು. 1990ರ ದಶಕದಲ್ಲಿ ಬಾಗಿಲು ಮುಚ್ಚಿದ್ದ ರಾಯಲ್ ಆಪೆರಾ ಹೌಸ್ ಸಂರಕ್ಷಣಾ ವಾಸ್ತುಶಿಲ್ಪಿ ಆಭಾ ನಾರಾಯಣ ಲಾಂಬಾ ಅವರ ನೇತೃತ್ವದಲ್ಲಿ ಪುನರುದ್ಧಾರಗೊಂಡು 2016ರಲ್ಲಿ ಪುನರಾರಂಭವಾಯಿತು. ಮರುವರ್ಷ ಅದಕ್ಕೂ ಯುನೆಸ್ಕೋ ಮನ್ನಣೆ ದೊರೆಯಿತು. ಎರಡು ಕಡೆಯೂ ಮಾಲೀಕತ್ವ ಸ್ಪಷ್ಟವಾಗಿತ್ತು, ಉದ್ದೇಶವೂ ಸ್ಪಷ್ಟವಾಗಿತ್ತು. ಕೆಲಸಕ್ಕೆ ವರ್ಷಗಳ ಅವಧಿ ಸಿಕ್ಕಿತು. ಎಸ್ಪ್ಲನೇಡ್ ಮ್ಯಾನ್ಶನ್ನಿಗೆ ಇಲ್ಲದಿದ್ದುದು ಇವೇ.

ಎಚ್ಚರಿಕೆ ಗಿರಣಗಾಂವಿನದು. 1982ರ ಜನವರಿ 18ರಂದು ಆರಂಭವಾದ ಮುಷ್ಕರದ ತರುವಾಯ ಬಟ್ಟೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಗಿರಣಿಯ ಜಮೀನನ್ನು ಅಭಿವೃದ್ಧಿಪಡಿಸುವಾಗ ಒಂದು ಭಾಗ ಸಾರ್ವಜನಿಕ ಬಯಲಿಗೆ, ಒಂದು ಭಾಗ ವಸತಿಗೆ, ಒಂದು ಭಾಗ ಮಾಲೀಕರಿಗೆ ಎಂಬುದು 1991ರ ನಿಯಮದ ಆಶಯ. 2001ರ ತಿದ್ದುಪಡಿಯು ಈ ಹಂಚಿಕೆಯನ್ನು ಕಟ್ಟಡವಿಲ್ಲದ ಖಾಲಿ ಜಾಗಕ್ಕೆ ಮಾತ್ರ ಸೀಮಿತಗೊಳಿಸಿತು. 2006ರ ಮಾರ್ಚ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಜಮೀನು ಎಂಬ ಒಂದು ಶಬ್ದದ ಅರ್ಥ ಬದಲಾದುದರಿಂದ ನಗರದ ಪಾಲಿಗೆ ಬರಬಹುದಾಗಿದ್ದ ಬಯಲು ಬಹುವಾಗಿ ಕುಗ್ಗಿತು. ಪುನರಭಿವೃದ್ಧಿಯ ಕಾಗದಪತ್ರಗಳಲ್ಲಿ ಪ್ರತಿ ಶಬ್ದವನ್ನೂ ಏಕೆ ತೂಗಿ ನೋಡಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ನಮ್ಮ ಮನೆಬಾಗಿಲಿನಲ್ಲಿ

ಈ ವಿಚಾರ ದೊಡ್ಡ ಸ್ಮಾರಕಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಮಾಟುಂಗಾ, ದಾದರ್, ಫೋರ್ಟ್ ಪರಿಸರಗಳ ಹಳೆಯ ಕಟ್ಟಡಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಅನೇಕ. ಪುಣೆ, ಚೆನ್ನೈ ನಗರಗಳಲ್ಲಿಯೂ ಇದೇ ಸ್ಥಿತಿ. ನಮ್ಮ ಸಂಘಸಂಸ್ಥೆಗಳ ಕಚೇರಿ, ವಾಚನಾಲಯ, ಸಭಾಗೃಹಗಳಲ್ಲಿಯೂ ಹಳೆಯವು ಉಂಟು. ಪುನರಭಿವೃದ್ಧಿಯ ಪ್ರಸ್ತಾಪ ಬಂದಾಗ ಕೆಳಗಿನ ಅಂಶಗಳನ್ನು ಗಮನಿಸುವುದು ಹಿತಕರ.

1. ಕಟ್ಟಡ ಅಥವಾ ಅದರ ಪರಿಸರ ಪಾರಂಪರಿಕ ಪಟ್ಟಿಯಲ್ಲಿದೆಯೇ, ಇದ್ದರೆ ಯಾವ ದರ್ಜೆ ಎಂಬುದನ್ನು ಮಹಾನಗರಪಾಲಿಕೆಯಿಂದ ಲಿಖಿತವಾಗಿ ಪಡೆಯಬೇಕು.

2. ಆಸ್ತಿ ಪತ್ರ, ಮೂಲ ನಕ್ಷೆ, ಬಾಡಿಗೆಯ ಚೀಟಿಗಳು, ಹಿಂದಿನ ದುರಸ್ತಿಗಳ ಲೆಕ್ಕ, ಇವುಗಳ ಪ್ರತಿಗಳನ್ನು ಒಂದೆಡೆ ಸಂಗ್ರಹಿಸಬೇಕು.

3. ಸ್ಥಿತಿಯ ಪರೀಕ್ಷೆಯನ್ನು ಆ ಬಗೆಯ ದ್ರವ್ಯವನ್ನು ಬಲ್ಲ ತಜ್ಞರಿಂದ ಮಾಡಿಸಬೇಕು. ನಿರ್ಮಾಣ ಸಂಸ್ಥೆಯೇ ಕರೆತಂದ ತಜ್ಞರ ಒಂದೇ ವರದಿಯನ್ನು ಅವಲಂಬಿಸಬಾರದು.

4. ತಜ್ಞರಿಗೆ ಕೊಡುವ ಪತ್ರದಲ್ಲಿ, ಅಪಾಯವಿದೆಯೇ ಎಂದು ಮಾತ್ರ ಕೇಳದೆ, ಏನು ಮಾಡಿದರೆ ಉಳಿಸಬಹುದು, ಅದಕ್ಕೆ ಎಷ್ಟು ವೆಚ್ಚ ತಗಲುವುದು ಎಂದೂ ಕೇಳಬೇಕು.

5. ವಾಸಿಸುವವರ ಪಟ್ಟಿಯನ್ನು ಎಲ್ಲರ ಸಮ್ಮುಖದಲ್ಲಿ ಸಿದ್ಧಪಡಿಸಿ ಸಹಿ ಪಡೆಯಬೇಕು.

6. ಮಹಾರಾಷ್ಟ್ರದ ಸಹಕಾರಿ ವಸತಿ ಸಂಘಗಳಿಗಾಗಿ 2009ರಲ್ಲಿ ಹೊರಬಂದು 2019ರ ಜುಲೈ ತಿಂಗಳಲ್ಲಿ ಪರಿಷ್ಕೃತವಾದ ಸರಕಾರಿ ಮಾರ್ಗಸೂಚಿಯನ್ನು ಓದಿಕೊಳ್ಳಬೇಕು. ನಿರ್ಮಾಣ ಸಂಸ್ಥೆಯನ್ನು ಆರಿಸುವ ಮೊದಲು ಕಾರ್ಯಸಾಧ್ಯತೆಯ ವರದಿ ಇರಬೇಕೆಂಬುದು ಅದರ ತಿರುಳು. ಒಟ್ಟು ಸದಸ್ಯರಲ್ಲಿ ಶೇಕಡಾ 51ರಷ್ಟು ಮಂದಿಯ ಸಮ್ಮತಿ ಅಗತ್ಯವೆಂದೂ ಅದು ವಿಧಿಸಿದೆ.

7. ಕೆಡಹುವುದೇ ಅನಿವಾರ್ಯವಾದರೆ, ಅದಕ್ಕೆ ಮೊದಲು ಕಟ್ಟಡದ ಛಾಯಾಚಿತ್ರಗಳನ್ನು ತೆಗೆಸಬೇಕು, ಹಿರಿಯ ನಿವಾಸಿಗಳ ಮಾತುಗಳನ್ನು ಧ್ವನಿಮುದ್ರಿಸಿಡಬೇಕು. ಫಲಕ, ಬಾಗಿಲು, ಮೆಟ್ಟಿಲ ಕಟಕಟೆಯಂತಹ ವಸ್ತುಗಳನ್ನು ಹೊಸ ಕಟ್ಟಡದಲ್ಲಿ ಬಳಸಲು ಒಪ್ಪಂದದಲ್ಲಿಯೇ ಸೇರಿಸಬೇಕು.

ಇವುಗಳಲ್ಲಿ ಯಾವುದಕ್ಕೂ ಅತಿ ಹೆಚ್ಚಿನ ಹಣ ಬೇಡ, ಬೇಕಾದುದು ಸಮಯ. ಕಟ್ಟಡ ಗಟ್ಟಿಯಾಗಿರುವಾಗ ಮಾಡಿಸಿದ ವಿಶ್ಲೇಷಣೆ ಹತ್ತು ದಾರಿಗಳನ್ನು ತೋರಿಸೀತು. ಬಾಲ್ಕನಿ ಕಳಚಿಬಿದ್ದ ಮರುದಿನ ಮಾಡಿಸಿದರೆ ಒಂದೇ ದಾರಿ ಕಾಣುತ್ತದೆ. ಮಹಾನಗರದ ನಮ್ಮ ಕನ್ನಡ ಸಂಸ್ಥೆಗಳು ತಮ್ಮ ಹಳೆಯ ಕಟ್ಟಡಗಳ ದಾಖಲೀಕರಣವನ್ನು ಯಾವ ಪ್ರಸ್ತಾಪಕ್ಕೂ ಕಾಯದೆ ಈಗಲೇ ಆರಂಭಿಸಿದರೆ, ಮುಂದೆ ಉಳಿಸುವ ನಿರ್ಧಾರವಾಗಲಿ, ಕೆಡಹುವ ನಿರ್ಧಾರವಾಗಲಿ, ಅದು ಅರಿತು ಕೈಗೊಂಡ ನಿರ್ಧಾರವಾಗಿರುತ್ತದೆ.